ತಗ್ಗಿನ ಗಿಟಾರು, ಎರಡು ಸುತ್ತು ಸ್ಕ್ರೂ

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ತಪ್ಪು ಮರದ್ದಲ್ಲ, ತಂತಿಯ ಕೆಳಗೆ ನಾನು ಕೂರಿಸಿದ ಕಾಯಿಲ್‌ನದು. ಅಷ್ಟು ಹೇಳುವುದಕ್ಕೆ ಒಂದು ಬೀಡಿ ಹಚ್ಚುವ ಹೊತ್ತೂ ಬೇಡ. ಆ ಮಾತನ್ನು ನನ್ನ ತಮ್ಮ ಝರೆಪ್ಪನಿಗೆ ನಾನು ಹತ್ತೊಂಬತ್ತು ವರ್ಷ ಹೇಳಲಿಲ್ಲ.

ಹೋದ ವರ್ಷ ಜಹೀರಾಬಾದಿನ ಬೀದರ್ ರಸ್ತೆಯಲ್ಲಿದ್ದ ನನ್ನ ಅಂಗಡಿಯ ಶಟರ್ ಕೊನೆಯ ಸಲ ಎಳೆದೆ. ಕೂದಲಿಗಿಂತ ತೆಳ್ಳನೆಯ ತಾಮ್ರದ ತಂತಿ ಕಣ್ಣಿಗೆ ಕಾಣದಂತಾಯಿತು, ಬೆರಳಿಗೆ ಮಾತ್ರ ತಿಳಿಯುತ್ತಿತ್ತು. ಬೆರಳನ್ನು ನಂಬಿ ಎಷ್ಟು ದಿನ ಕೆಲಸ ಮಾಡುವುದು? ಈಗಲೂ ಕೆಲವರು ಮನೆಗೆ ಬಂದು, ಗಿಟಾರಿನ ಪಿಕಪ್ ಹೇಗೆ ಸುತ್ತಬೇಕು, ಕೊರೆದ ನೆಕ್ ಒಳ್ಳೆಯದೋ ಸಾದಾ ನೆಕ್ ಒಳ್ಳೆಯದೋ ಎಂದು ಕೇಳುತ್ತಾರೆ. ಬಾಯಿಂದ ಹೇಳಲು ಕೂತರೆ ನನ್ನ ಹೊಗಳಿಕೆಯೇ ಜಾಸ್ತಿಯಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೆಯ ತರಗತಿ, ಅದೂ ನಮ್ಮೂರು ಮೊಗುಡಂಪಲ್ಲಿಯಿಂದ ಗಡಿ ದಾಟಿ ಬೀದರ್ ಕಡೆಯ ಕನ್ನಡ ಶಾಲೆಗೆ ನಡೆದು ಹೋಗಿ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಕೆಲಸದ ವಿಷಯದಲ್ಲಿ ಬರೆದದ್ದು ಮಾತ್ರ ಸರಿಯಾಗಿಯೇ ಇದೆ.

ನನ್ನ ಕೆಲಸ ಶುರುವಾದದ್ದು ಗಿಟಾರಿನಿಂದಲ್ಲ, ನೀರೆತ್ತುವ ಮೋಟರಿನಿಂದ. ಸುಟ್ಟ ಮೋಟರನ್ನು ಬಿಚ್ಚಿ ಹೊಸ ತಂತಿ ಸುತ್ತುವ ಅಂಗಡಿ ಖಾಜಾ ಮಿಯಾ ಅವರದು. ನಾವು ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಅವರು ದಖನಿಯಲ್ಲಿ ಬೈಯುತ್ತಿದ್ದರು, ಕನ್ನಡದಲ್ಲಿ ಕಲಿಸುತ್ತಿದ್ದರು, ತೆಲುಗಿನಲ್ಲಿ ಗಿರಾಕಿಗಳನ್ನು ಸಮಾಧಾನ ಮಾಡುತ್ತಿದ್ದರು. ಅವರಿಂದ ಎರಡು ಪಾಠ ಕಲಿತೆ. ಒಂದನ್ನು ಉಪಯೋಗಿಸಬಾರದ ಕಡೆ ಉಪಯೋಗಿಸಿದೆ. ಇನ್ನೊಂದನ್ನು ಉಪಯೋಗಿಸಬೇಕಾದ ದಿನ ಮರೆತೆ.

ಮೊದಲನೆಯದು ಸಂದಿನ ಪಾಠ. ಮೋಟರಿನೊಳಗೆ ತಿರುಗುವ ಭಾಗಕ್ಕೂ ಸುತ್ತಲಿನ ಕಾಯಿಲ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. "ಸಂದ್ ಕಮ್ಮಿ ಇದ್ದಷ್ಟು ತಾಕತ್ ಜಾಸ್ತಿ, ಮಾಣಿಕ್. ಸಂದ್ ಬಿಟ್ರ ಆಯಸ್ಕಾಂತ ಹವಾ ಎಳೀತದ, ಕೆಲ್ಸಾ ಎಳ್ಯಾಂಗಿಲ್ಲ" ಎನ್ನುತ್ತಿದ್ದರು.

ಎರಡನೆಯದನ್ನು ಅವರು ಬಾಯಿಂದ ಹೇಳಲಿಲ್ಲ, ಮಾಡಿ ತೋರಿಸಿದರು. ನಾನು ಸೇರಿದ ಎರಡನೆಯ ವರ್ಷ ಕಂಗ್ಟಿಯ ಒಬ್ಬ ರೈತರ ಪಂಪು ಬಂದಿತ್ತು. ಸುತ್ತುವಾಗ ನನಗೆ ಎಣಿಕೆ ತಪ್ಪಿತು. ತಪ್ಪಿದ್ದು ಗೊತ್ತಿದ್ದೂ ಮುಚ್ಚಿ, ವಾರ್ನಿಶ್ ಹೊಡೆದು ಕೊಟ್ಟೆ. ಎಂಟೇ ದಿನಕ್ಕೆ ಪಂಪು ಹೊಗೆಯಾಡಿತು. ಆ ರೈತರು ಬಂದು, "ನಮ್ ಲೈನಿನಾಗ ಕರೆಂಟ್ ಹೆಚ್ಚುಕಮ್ಮಿ ಆಗಿರ್ಬೇಕ್ರಿ ಉಸ್ತಾದ್" ಎಂದು ತಮ್ಮ ಮೇಲೇ ಹಾಕಿಕೊಂಡರು. ಉಸ್ತಾದ್ ಮೋಟರ್ ಬಿಚ್ಚಿದರು, ಸುರುಳಿ ಎಣಿಸಿದರು, ನನ್ನ ಮುಖ ನೋಡಿದರು. ಆಮೇಲೆ ರೈತರ ಕಡೆ ತಿರುಗಿ, "ಕರೆಂಟ್ ನಿಮ್ದು ಬರೋಬ್ಬರಿ ಅದರಿ. ಗಿನ್ತಿ ನಮ್ ಅಂಗಡ್ಯಾಗ ತಪ್ಪ್ಯಾದ" ಎಂದರು. ನನಗೆ ಏನೂ ಅನ್ನಲಿಲ್ಲ. ಸಂಜೆ ಕೈ ತೊಳೆಯುತ್ತಾ ಒಂದೇ ಮಾತು: "ತಾರ್ ಝೂಟ್ ನಹೀ ಬೋಲ್ತಾ, ಬೇಟಾ. ತಂತಿ ಸುಳ್ಳ್ ಹೇಳಂಗಿಲ್ಲ. ಹೇಳಾವ್ರು ನಾವು."

ಉಸ್ತಾದ್ ಇದ್ದಾಗಲೇ ಅಂಗಡಿಗೆ ಮೊದಲ ಗಿಟಾರ್ ಬಂತು. ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾದವರದು. ತಂತಿ ಮೀಟಿದರೆ ಸ್ಪೀಕರಿನಲ್ಲಿ ಸದ್ದೇ ಇಲ್ಲ. ಉಸ್ತಾದ್ ಅದನ್ನು ಅತ್ತ ಇತ್ತ ಹೊರಳಿಸಿ, "ಇದು ಎಷ್ಟ್ ಎಚ್‌ಪಿ?" ಎಂದು ಕೇಳಿದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಬಿಚ್ಚಿ ನೋಡಿದೆ. ತಂತಿಗಳ ಕೆಳಗೆ ಬೆಂಕಿಪೆಟ್ಟಿಗೆಗಿಂತ ಸಣ್ಣ ಡಬ್ಬಿ, ಅದರೊಳಗೆ ಆಯಸ್ಕಾಂತ, ಆಯಸ್ಕಾಂತದ ಸುತ್ತ ತಾಮ್ರದ ಕಾಯಿಲ್. ಉಕ್ಕಿನ ತಂತಿ ಆಯಸ್ಕಾಂತದ ಮೇಲೆ ಅಲುಗಿದರೆ ಕಾಯಿಲ್‌ನಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ, ಅದೇ ಸ್ಪೀಕರಿಗೆ ಹೋಗಿ ದನಿಯಾಗುತ್ತದೆ. ಪಿಕಪ್ ಎಂದರೆ ಇಷ್ಟೇ. ಮೋಟರನ್ನು ತಿರುವಿ ಹಾಕಿದ ಹಾಗೆ.

ಆದರೆ ತಂತಿ! ಮೋಟರಿನ ತಂತಿ ಸುತ್ತಿದ ಕೈಗೆ ಅದು ಜೇಡರ ಬಲೆ. ಫ್ಯಾನಿನ ಕಾಯಿಲ್ ಸುತ್ತುವ ಕೈ ಮಷಿನಿಗೆ ಹಾಕಿದರೆ ಪಟ್ಟನೆ ಕಡಿಯುತ್ತಿತ್ತು. ಕೊನೆಗೆ ಅವ್ವನ ಹೊಲಿಗೆ ಮಷಿನಿನಲ್ಲಿ ಬಾಬಿನ್‌ಗೆ ದಾರ ಸುತ್ತುವ ಚಕ್ರ ಇರುತ್ತದಲ್ಲ, ಅದಕ್ಕೆ ಹಚ್ಚಿದೆ. ಕಡಿಯಲಿಲ್ಲ. ಏಳೆಂಟು ಸಾವಿರ ಸುತ್ತು. ಎಣಿಕೆಗೆ ಒಂದು ಬಟ್ಟಲು ಜೋಳ ಇಟ್ಟುಕೊಂಡೆ. ನೂರು ಸುತ್ತಿಗೆ ಒಂದು ಕಾಳು ಈ ಬಟ್ಟಲಿನಿಂದ ಆ ಬಟ್ಟಲಿಗೆ. ಒಮ್ಮೆ ಅಂಗಡಿಗೆ ನುಗ್ಗಿದ ಕೋಳಿ ಮೂವತ್ತು ಚಿಲ್ಲರೆ ಕಾಳು ತಿಂದು ಹೋಯಿತು. ಆ ಪಿಕಪ್ ಪೂರ್ತಿ ಬಿಚ್ಚಿ ಮತ್ತೆ ಸುತ್ತಿದೆ. ಎಷ್ಟೋ ವರ್ಷದ ಮೇಲೆ ಕ್ಯಾಲ್ಕ್ಯುಲೇಟರಿನ ಗುಂಡಿಗೆ ಎರಡು ವೈರ್ ಬೆಸೆದು, ಚಕ್ರ ಒಂದು ಸುತ್ತು ತಿರುಗಿದರೆ ಒಂದು ಕೂಡುವ ಹಾಗೆ ಮಾಡಿಕೊಂಡೆ. ಈಗ ಅದಕ್ಕೂ ಮಷಿನ್ ಇದೆಯಂತೆ. ಇರಲಿ. ಹೊಸಬರು ಮೊದಲ ಹತ್ತು ಪಿಕಪ್‌ಗಳನ್ನಾದರೂ ಕಾಳು ಎಣಿಸಿಯೇ ಸುತ್ತಿ. ಎಣಿಕೆ ತಪ್ಪಿದಾಗ ಎದೆ ಧಸಕ್ಕೆನ್ನುವುದು ಹೇಗಿರುತ್ತದೆ ಎಂದು ತಿಳಿಯುತ್ತದೆ.

ಉಸ್ತಾದ್ ತೀರಿಕೊಂಡ ಮೇಲೆ ನಾನು ಸ್ವಂತ ಅಂಗಡಿ ಹಾಕಿದೆ. ಝರೆಪ್ಪ ನನಗಿಂತ ಆರು ವರ್ಷ ಚಿಕ್ಕವನು, ಬಡಿಗತನ ಕಲಿತಿದ್ದ. ಬಾಗಿಲು, ಚೌಕಟ್ಟು, ಕಿಟಕಿ. ನನ್ನ ಅಂಗಡಿಯ ಹಿಂದಿನ ತಗಡಿನ ಚಪ್ಪರ ಅವನದು. ಗಿಟಾರ್ ಬಂದರೆ ಕಾಯಿಲ್ ನನಗೆ, ಕಟ್ಟಿಗೆ ಅವನಿಗೆ. ಕೈ ನೋಡಿ ಹೇಳುವುದಾದರೆ ನಾನು ಕೆಲಸಗಾರ, ಅವನು ಕಲಾವಿದ. ಇದನ್ನು ಈಗ ಬರೆಯುವುದು ಸುಲಭ.

ಅವನು ಸಂಜೆ ಹೊತ್ತು ಗಿಟಾರ್ ನುಡಿಸುತ್ತಿದ್ದ. ನಮ್ಮಪ್ಪ ಊರಿನ ಭಜನೆಯಲ್ಲಿ ಏಕತಾರಿ ಹಿಡಿದು ಹಾಡುತ್ತಿದ್ದವನು. ಅಪ್ಪನ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯುತ್ತಿರಲಿಲ್ಲ, ಜಾರುತ್ತಿತ್ತು. ಝರೆಪ್ಪನಿಗೆ ಅದು ಗಿಟಾರಿನಲ್ಲಿ ಬೇಕಾಗಿತ್ತು.

"ಅಣ್ಣಾ, ಅಪ್ಪನ ದನಿ ಇದರಾಗ ಬರವಲ್ದು. ಬೆರಳು ಕಟ್ಟಿಗಿಗಿ ತಾಗಿ ನಿಂತ್ ಬಿಡ್ತದ ನೋಡು" ಎಂದ ಒಂದು ದಿನ.

"ಮತ್ತ ಬೆರಳು ಕಟ್ಟಿಗಿಗಿ ತಾಗ್ದೆ ಗಾಳ್ಯಾಗ ನಿಲ್ತದೇನು?"

"ಹೂಂ, ಗಾಳ್ಯಾಗೇ ನಿಲ್ಬೇಕು. ವೀಣಾದಾಗ ನಿಲ್ಲಂಗಿಲ್ಲೇನು?"

ಗಿಟಾರಿನ ನೆಕ್, ಅಂದರೆ ಬೆರಳು ಓಡಾಡುವ ಉದ್ದನೆಯ ಕತ್ತಿನ ಮೇಲೆ ಲೋಹದ ಮೆಟ್ಟುಗಳಿರುತ್ತವೆ. ಎರಡು ಮೆಟ್ಟುಗಳ ನಡುವಿನ ಕಟ್ಟಿಗೆಯನ್ನು ಬಟ್ಟಲಿನ ಹಾಗೆ ಕೊರೆದರೆ ಬೆರಳು ಕಟ್ಟಿಗೆಗೆ ತಾಗುವುದಿಲ್ಲ, ಬರೀ ತಂತಿಯನ್ನು ಒತ್ತುತ್ತದೆ. ಆಗ ತಂತಿಯನ್ನು ಎಳೆದು, ಒತ್ತಿ, ಸ್ವರವನ್ನು ಜಾರಿಸಬಹುದು. ಪರದೇಶದಲ್ಲಿ ಕಾರ್ಖಾನೆಯಿಂದಲೇ ಹಾಗೆ ಬರುವ ಗಿಟಾರುಗಳಿವೆ. ನಮ್ಮ ಕಡೆ ಜನ ಅದನ್ನು ತಗ್ಗಿನ ಗಿಟಾರ್ ಎಂದೇ ಕರೆದರು.

ಮೊದಲ ನೆಕ್‌ನಲ್ಲಿ ಝರೆಪ್ಪ ಕೊರೆದ ಮೂರನೆಯ ತಗ್ಗು ಆಳವಾಗಿ, ಒಳಗಿನ ಕಬ್ಬಿಣದ ಸರಳು ಇಣುಕಿತು. ಅದನ್ನು ಒಲೆಗೆ ಹಾಕಿದ. ಎರಡನೆಯದಕ್ಕೆ ಹಳೆಯ ಪೋಸ್ಟ್‌ಕಾರ್ಡ್ ಕತ್ತರಿಸಿ ತಗ್ಗಿನ ಆಳದ ಅಳತೆ ಮಾಡಿಕೊಂಡ. ಅರೆಗುಂಡು ಕಾನಸಿನಿಂದ, ಅಂದರೆ ಅರದಿಂದ ತೋಡಿ, ಅವ್ವನ ಲಟ್ಟಣಿಗೆಗೆ ಮರಳು ಕಾಗದ ಸುತ್ತಿ ಉಜ್ಜಿದ. ಅವ್ವ ಚಪ್ಪರಕ್ಕೇ ಬಂದು ನಿಂತಳು.

"ಒಬ್ಬಂವ ಹೊಲಿಗಿ ಮಷಿನ್ ಒಯ್ದ, ಒಬ್ಬಂವ ಲಟ್ಟಣಿಗಿ ಒಯ್ದ. ನಾಳಿ ನನ್ನೂ ಒಯ್ದು ಗಿಟಾರಿಗಿ ಬಡೀರಿ, ಮುಗೀಲಿ!"

"ನಿನ್ನ ಬಡದ್ರ ಸ್ವರ ಬರಂಗಿಲ್ಲವ್ವ, ಬೈಗುಳ ಬರ್ತಾವ" ಎಂದ ಝರೆಪ್ಪ.

ನಾಲ್ಕು ತಿಂಗಳು. ಇಪ್ಪತ್ತೊಂದು ತಗ್ಗು. ಕೊನೆಗೆ ನೆಕ್ ಅನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದ. ಇಪ್ಪತ್ತೊಂದು ಬಟ್ಟಲುಗಳಲ್ಲಿ ಇಪ್ಪತ್ತೊಂದು ಬೆಳಕಿನ ಗೆರೆ, ಒಂದೂ ಸೊಟ್ಟ ಇರಲಿಲ್ಲ.

ಹೊಸಬರು ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಬರೆದುಬಿಡುತ್ತೇನೆ. ಸಾದಾ ನೆಕ್ ಕ್ಷಮಿಸುತ್ತದೆ. ಬೆರಳು ಎಷ್ಟು ಬಿಗಿಯಾಗಿ ಒತ್ತಿದರೂ ಕಟ್ಟಿಗೆ ತಡೆಯುತ್ತದೆ, ಸ್ವರ ತನ್ನ ಜಾಗದಲ್ಲಿ ಇರುತ್ತದೆ. ತಗ್ಗಿನ ನೆಕ್ ಕ್ಷಮಿಸುವುದಿಲ್ಲ. ಸ್ವಲ್ಪ ಜೋರಾಗಿ ಒತ್ತಿದರೂ ಸ್ವರ ಮೇಲೇರುತ್ತದೆ. ಹಗುರ ಬೆರಳಿನವರಿಗೆ ಮಾತ್ರ ಅದು. ತಾಳ ಕೊಡುವವರಿಗೆ, ಆರು ತಂತಿ ಒಟ್ಟಿಗೆ ಹಿಡಿಯುವವರಿಗೆ ಅದರಿಂದ ಲಾಭವಿಲ್ಲ. ಹನ್ನೆರಡನೆಯ ಮೆಟ್ಟಿನಿಂದ ಮೇಲಕ್ಕೆ ಮಾತ್ರ ಕೊರೆದ ಅರ್ಧ ತಗ್ಗಿನದೂ ಉಂಟು. ಎರಡೂ ಬೇಕೆನ್ನುವವರಿಗೆ ಅದು ಒಳ್ಳೆಯದು. ಪಿಕಪ್‌ನಲ್ಲೂ ಎರಡು ಜಾತಿ. ಒಂಟಿ ಕಾಯಿಲ್ ಸ್ವಚ್ಛ, ಬೆರಳಿನ ಪ್ರತಿ ಅಲುಗಾಟವನ್ನೂ ಹೇಳುತ್ತದೆ, ಆದರೆ ಟ್ಯೂಬ್‌ಲೈಟ್ ಹತ್ತಿರ ಬಂದರೆ ಗುಂಯ್‌ಗುಡುತ್ತದೆ. ಜೋಡಿ ಕಾಯಿಲ್ ದಪ್ಪ ದನಿ, ಗುಂಯ್ ಇಲ್ಲ, ಆದರೆ ಸಣ್ಣ ಜಾರುಗಳನ್ನು ನುಂಗುತ್ತದೆ. ತಗ್ಗಿನ ನೆಕ್‌ಗೆ ಒಂಟಿ ಕಾಯಿಲ್ಲೇ ಸರಿ. ಜಾರಿಸುವುದಕ್ಕೆಂದೇ ಕೊರೆದು, ಆ ಜಾರನ್ನು ನುಂಗುವ ಕಾಯಿಲ್ ಹಾಕಿದರೆ ಏನು ಬಂತು?

ಆ ಗುಂಯ್ ಬಗ್ಗೆ ಒಂದು ಮಾತು ನೆನಪಾಯಿತು. ಪಸ್ತಾಪುರದಲ್ಲಿ ಸಿರಿಧಾನ್ಯ ಬೆಳೆಯುವ ಹೆಣ್ಣುಮಕ್ಕಳ ಸಂಘದ ಹಾಡಿನ ಕಾರ್ಯಕ್ರಮ. ಅವರಿಗೆ ಗಿಟಾರ್ ನುಡಿಸಲು ಬಂದವನ ಸ್ಪೀಕರಿನಿಂದ ಗುಂಯ್ ನಿಲ್ಲುತ್ತಿಲ್ಲ ಎಂದು ನನ್ನನ್ನು ಕರೆಸಿದರು. ನಾನು ಹೋಗಿ ಅವನನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ತಿರುಗಿಸಿ ನಿಲ್ಲಿಸಿದೆ. ನಿಂತಿತು. ಒಬ್ಬ ಮುದುಕಿ, "ಇಷ್ಟಕ್ಕ ಜಹೀರಾಬಾದಿನಿಂದ ಬಂದ್ಯಾ? ಮಾರಿ ತಿರುವಾಕ ನಮ್ ಸೊಸಿನೇ ಸಾಕಿತ್ತಲ್ಲೋ" ಎಂದಳು. ದಾರಿಯುದ್ದಕ್ಕೂ ನಕ್ಕೆ.

ಪಿಕಪ್ ಹೋಲಿಸಿ ನೋಡುವವರಿಗೆ ಒಂದೇ ನಿಯಮ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಅದೇ ತಂತಿ, ಅದೇ ಸ್ಪೀಕರ್, ಅದೇ ಕೈ. ಎರಡು ವಸ್ತು ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದು ಎಂದು ದೇವರಿಗೂ ತಿಳಿಯುವುದಿಲ್ಲ. ಈ ನಿಯಮ ನನಗೆ ಹೇಗೆ ತಿಳಿಯಿತು ಎಂಬುದೇ ಮುಂದಿನದು.

ನಾರಾಯಣಖೇಡದ ಬಸವರಾಜ ಮಾಸ್ತರರದು ದೊಡ್ಡ ಆರ್ಕೆಸ್ಟ್ರಾ. ನಮ್ಮ ಸುತ್ತಿನ ಊರುಗಳಲ್ಲಿ ಅವರು ಚೆನ್ನಾಗಿದೆ ಎಂದದ್ದು ಚೆನ್ನಾಗಿದೆ, ಇಲ್ಲ ಎಂದದ್ದು ಇಲ್ಲ. ಅವರಿಗೆ ಒಬ್ಬ ಗಿಟಾರಿನವನು ಬೇಕಾಗಿತ್ತು. ಝರೆಪ್ಪನ ತಗ್ಗಿನ ಗಿಟಾರಿನ ಸುದ್ದಿ ಕೇಳಿ ತಾಂಡೂರಿನ ಒಂದು ಮದುವೆ ಹಾಲ್‌ಗೆ ಮಧ್ಯಾಹ್ನ ಬರಲು ಹೇಳಿದ್ದರು. ಸಂಜೆ ಅಲ್ಲಿ ಅವರ ಕಾರ್ಯಕ್ರಮ. ಹೈದರಾಬಾದಿನಿಂದ ಒಂದು ಕಾರ್ಖಾನೆಯ ತಗ್ಗಿನ ಗಿಟಾರನ್ನೂ ತರಿಸಿಟ್ಟಿದ್ದರು, ಎರಡನ್ನೂ ಪಕ್ಕಪಕ್ಕ ಕೇಳಿ ನೋಡಲು. ಒಪ್ಪಿದರೆ ಝರೆಪ್ಪ ಅವರ ಮೇಳಕ್ಕೆ ಸೇರಬಹುದಿತ್ತು, ಅವರ ಪರಿಚಯದ ನುಡಿಸುವವರೆಲ್ಲ ತಮ್ಮ ನೆಕ್‌ಗಳನ್ನು ಅವನ ಬಳಿ ಕೊರೆಸಬಹುದಿತ್ತು. ಬಾಗಿಲು ಚೌಕಟ್ಟಿನಿಂದ ಅವನಿಗೆ ಬಿಡುಗಡೆ.

ಹಿಂದಿನ ದಿನ ಅವನು ಗಿಟಾರನ್ನು ಅಂಗಡಿಯಲ್ಲಿಟ್ಟು, "ಎಲ್ಲಾ ಬರೋಬ್ಬರಿ ಕೂತದ. ಇನ್ ಏನೂ ಮುಟ್ಟಬ್ಯಾಡಣ್ಣಾ" ಎಂದು ಹೇಳಿ ಹೋದ.

ಮುಟ್ಟಿದೆ.

ಯಾಕೆ ಮುಟ್ಟಿದೆ ಎಂದು ಬಹಳ ಸಲ ಯೋಚಿಸಿದ್ದೇನೆ. ನಾಳೆ ಎಲ್ಲರೂ ಕಟ್ಟಿಗೆ ನೋಡುತ್ತಾರೆ, ನನ್ನ ಕಾಯಿಲ್ ಯಾರ ಕಣ್ಣಿಗೂ ಬೀಳುವುದಿಲ್ಲ ಎನ್ನಿಸಿತು. ಕಾರ್ಖಾನೆಯ ಪಿಕಪ್‌ಗಿಂತ ನನ್ನದರ ದನಿ ಜೋರಾಗಿ ಬಂದರೆ ನನ್ನನ್ನೂ ಕೇಳುತ್ತಾರೆ. ಪಿಕಪ್‌ನ ಎರಡು ಬದಿಗೆ ಎರಡು ಸ್ಕ್ರೂ ಇರುತ್ತವೆ, ತಿರುವಿದರೆ ಅದು ತಂತಿಯ ಹತ್ತಿರಕ್ಕೆ ಏಳುತ್ತದೆ. ಉಸ್ತಾದರ ಪಾಠ ತಲೆಯಲ್ಲಿತ್ತು: ಸಂದು ಕಮ್ಮಿ, ತಾಕತ್ತು ಜಾಸ್ತಿ. ಗಿಟಾರಿನ ಪಿಕಪ್‌ಗಳಲ್ಲಿ ನೆಕ್ ಕಡೆಯದರ ಎರಡೂ ಸ್ಕ್ರೂಗಳನ್ನು ಎರಡೆರಡು ಸುತ್ತು ಏರಿಸಿದೆ. ಮೀಟಿದರೆ ದನಿ ಭರ್ಜರಿ. ಕೆಳಗಿನ ಮೆಟ್ಟುಗಳಲ್ಲಷ್ಟೇ ಮೀಟಿ ನೋಡಿ, ಖುಷಿಯಾಗಿ, ಚೀಲಕ್ಕೆ ಹಾಕಿದೆ.

ತಾಂಡೂರಿನ ಹಾಲ್‌ನಲ್ಲಿ ಮಾಸ್ತರರು ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಮೊದಲು ಕಾರ್ಖಾನೆಯ ಗಿಟಾರ್ ಕೇಳಿದರು. ಆಮೇಲೆ ಝರೆಪ್ಪ ತನ್ನದನ್ನು ಎತ್ತಿಕೊಂಡ. ಅಪ್ಪನ ಒಂದು ಭಜನೆಯನ್ನು ಕೆಳಗಿನ ಮೆಟ್ಟುಗಳಿಂದ ಶುರುಮಾಡಿದ. ದೀಪ ಕಟ್ಟುತ್ತಿದ್ದವರು ಏಣಿಯ ಮೇಲೇ ನಿಂತು ಕೇಳಿದರು. ಅಪ್ಪನ ದನಿ ಬಂದಿತ್ತು.

"ಆವಾಜ್ ಜಬರ್ದಸ್ತ್ ಅದಲ್ರೀ! ಕಾಯಿಲ್ ಯಾರ್ ಸುತ್ಯಾರ?" ಎಂದರು ಮಾಸ್ತರರು.

"ನಮ್ಮಣ್ಣ ರೀ" ಎಂದ ಝರೆಪ್ಪ, ನುಡಿಸುತ್ತಲೇ.

ಹಾಡು ಮೇಲಕ್ಕೆ ಏರಿತು. ದಪ್ಪ ತಂತಿಯ ಮೇಲೆ ಅವನ ಬೆರಳು ಹನ್ನೆರಡನೆಯ ಮೆಟ್ಟು ದಾಟಿತು. ಅಲ್ಲಿ ಸ್ವರ ಒಡೆಯಿತು. ಒಂದು ಸ್ವರದೊಳಗೆ ಎರಡು, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ವಂವಂವಂ ಎಂದು ನಡುಗಿದವು. ಝರೆಪ್ಪ ಬೆರಳು ಹಗುರ ಮಾಡಿದ. ಮತ್ತೆ ಒಡೆಯಿತು. ಇನ್ನೂ ಹಗುರ ಮಾಡಿದ. ಮತ್ತೆ.

"ಕಾರ್ಖಾನಿದು ಒಡೀಲಿಲ್ಲಲ್ಲೋ" ಎಂದರು ಮಾಸ್ತರರು. "ಕಟ್ಟಿಗಿ ಕೊರದು ಹಾಳ್ ಮಾಡೀದಿ ತಮ್ಮಾ. ಚೌಕಟ್ ಕೆತ್ತೋ ಕೈ ಬ್ಯಾರೆ, ಇದು ಬ್ಯಾರೆ."

ಝರೆಪ್ಪ ನನ್ನ ಕಡೆ ನೋಡಿದ. ಕೇಳುವ ನೋಟ ಅದು, ಬೇರೇನಿಲ್ಲ. ಹಿಂದಿನ ದಿನ ನಾನು ಏನು ಮಾಡಿದ್ದೆ ಎಂಬುದು ನನಗೆ ಆ ಕ್ಷಣವೇ ನೆನಪಾಯಿತು. ಅದೇ ಕಾರಣ ಎಂದು ಖಾತ್ರಿ ಇರಲಿಲ್ಲ. ಆದರೆ ಸಂಶಯ ಇತ್ತು, ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ನಾನು ಹೇಳಿದ್ದು ಇಷ್ಟು: "ಸ್ವಲ್ಪ ಆಳ ಆಗಿರ್ಬೇಕ್ರಿ ಮಾಸ್ತರ್."

ವಾಪಸ್ ಬರುವ ಬಸ್ಸಿನಲ್ಲಿ ಅವನು ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಜಹೀರಾಬಾದ್ ಹತ್ತಿರ ಬಂದಾಗ, "ಮನ್ಯಾಗ ಒಡೀಲಿಲ್ಲಲ್ಲ. ಖರೇನ ಆಳ ಆಗ್ಯಾದ ಅಂತೀಯಣ್ಣಾ?" ಎಂದ.

"ಆಗಿರ್ಬೇಕೋ. ಮನಿ ಸಣ್ಣ ಸ್ಪೀಕರಿನಾಗ ಕೇಳ್ಸಿರಂಗಿಲ್ಲ" ಎಂದೆ.

ಮರುದಿನವೇ ನೆಕ್ ಬಿಚ್ಚಿಕೊಂಡು, ಉಳಿದ ಗಿಟಾರನ್ನು ನನ್ನ ಅಂಗಡಿಯಲ್ಲಿಟ್ಟ. "ಇದಕ್ಕ ಸಾದಾ ನೆಕ್ ಹಚ್ಚಿ ಯಾರಿಗರ ಕೊಟ್ ಬಿಡು" ಎಂದ. ನಾಲ್ಕನೆಯ ದಿನ ಅದಕ್ಕೊಂದು ಹಳೆಯ ಸಾದಾ ನೆಕ್ ಕೂರಿಸಿ, ತಂತಿ ಕಟ್ಟಿ, ದಪ್ಪ ತಂತಿಯ ಮೇಲೆ ಹನ್ನೆರಡು ದಾಟಿ ಮೀಟಿದೆ.

ವಂವಂವಂ.

ಒಂದು ತಗ್ಗೂ ಇಲ್ಲದ, ಕಾರ್ಖಾನೆಯ ನೆಕ್ ಅದು. ನಾನು ಸ್ಕ್ರೂಡ್ರೈವರ್ ತೆಗೆದೆ. ಎರಡು ಸುತ್ತು ಇಳಿಸಿದೆ. ಮೀಟಿದೆ. ಸ್ವರ ಒಂದೇ ಇತ್ತು, ನೀರಿನ ಹಾಗೆ. ಮತ್ತೆ ಏರಿಸಿದೆ, ಒಡೆಯಿತು. ಇಳಿಸಿದೆ, ಕೂಡಿತು. ಗಿಟಾರಿನಲ್ಲಿ ಆಯಸ್ಕಾಂತ ಹತ್ತಿರ ಬಂದರೆ ತಂತಿಯನ್ನೇ ಹಿಡಿದು ಎಳೆಯುತ್ತದೆ, ಅದನ್ನು ಸ್ವತಂತ್ರವಾಗಿ ಅಲುಗಲು ಬಿಡುವುದಿಲ್ಲ. ಮೇಲಿನ ಮೆಟ್ಟುಗಳಲ್ಲಿ ಒತ್ತಿದ ತಂತಿ ಆಯಸ್ಕಾಂತದ ಕಡೆ ಇನ್ನೂ ಇಳಿದಿರುತ್ತದೆ, ಎಳೆತ ಇನ್ನೂ ಹೆಚ್ಚು. ಮೋಟರಿಗೆ ಸರಿಯಾದ ಪಾಠವನ್ನು ಗಿಟಾರಿಗೆ ಹಚ್ಚಿದ್ದೆ. ಕಾಯಿಲ್ ಸುತ್ತಿದವನಿಗೆ ಬಿಟ್ಟು ಬೇರೆ ಯಾರಿಗೂ ಆಗದ ತಪ್ಪು.

ಎದ್ದು ಹಿಂದಿನ ಚಪ್ಪರಕ್ಕೆ ಹೋದೆ. ಹೇಳಬೇಕೆಂದೇ ಹೋದೆ, ಇದನ್ನು ನಂಬಿ. ಝರೆಪ್ಪ ನೆಲದ ಮೇಲೆ ಕೂತು, ಸಾಗುವಾನಿಯ ಬುರಾದೆ, ಅಂದರೆ ಕಟ್ಟಿಗೆಯ ಪುಡಿಯನ್ನು ಅಂಟಿನಲ್ಲಿ ಕಲಸಿ, ತಗ್ಗುಗಳಿಗೆ ತುಂಬಿ ಸಪಾಟು ಮಾಡುತ್ತಿದ್ದ. ನಾಲ್ಕು ತಿಂಗಳು ತೋಡಿದ್ದನ್ನು ಮುಚ್ಚುತ್ತಿದ್ದ. ಹನ್ನೆರಡು ಮುಚ್ಚಿದ್ದ, ಒಂಬತ್ತು ಉಳಿದಿದ್ದವು. ತಲೆ ಎತ್ತಿ ನೋಡಿದ.

"ಬಂದ್ಯಾ ಅಣ್ಣಾ. ಈ ಬುರಾದಿ ಬಣ್ಣ ಹೊಂದ್ತದೇನು ನೋಡು."

ಮಾಸ್ತರರು ನನ್ನ ಕಾಯಿಲ್ ಹೊಗಳಿದ್ದು ಕಿವಿಯಲ್ಲಿತ್ತು. ಆ ನಾಲ್ಕು ದಿನದಲ್ಲಿ ಅವರ ಮಾತು ಕೇಳಿ ಇಬ್ಬರು ನನ್ನ ಬಳಿ ಪಿಕಪ್ ಸುತ್ತಿಸಲು ಬಂದಿದ್ದರು. ತಮ್ಮ ನನ್ನನ್ನು ಇನ್ನು ಹೇಗೆ ನೋಡುತ್ತಾನೋ ಎಂಬ ಅಂಜಿಕೆಯೂ ಇತ್ತು.

"ಹೊಂದ್ತದ" ಎಂದೆ. ತಿರುಗಿ ಅಂಗಡಿಗೆ ಬಂದೆ.

ಅವನು ಆಮೇಲೆ ಗಿಟಾರ್ ಮುಟ್ಟಲಿಲ್ಲ. ತಾಂಡೂರಿನಲ್ಲಿ ಬಂಡೆ ಪಾಲಿಶ್ ಮಾಡುವ ಕಾರ್ಖಾನೆಗೆ ಸೇರಿದ. ಕಟ್ಟಿಗೆ ಬಿಟ್ಟು ಕಲ್ಲಿಗೆ ಹೋದ. ಅಲ್ಲೇ ಮದುವೆಯಾದ, ಮನೆ ಕಟ್ಟಿದ. ಜೀವನವೇನೂ ಕೆಡಲಿಲ್ಲ, ಹಾಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಬ್ಬಕ್ಕೆ ಬಂದರೆ ಅವನ ಉಗುರಿನ ಸಂದಿನಲ್ಲಿ ಕಲ್ಲಿನ ಪುಡಿ ಬಿಳಿಯಾಗಿ ಕಾಣುತ್ತಿತ್ತು. ನಾನು ಬೇರೆ ಕಡೆ ನೋಡುತ್ತಿದ್ದೆ.

ನನ್ನ ಹೆಸರು ಬೆಳೆಯಿತು. ವಿಕಾರಾಬಾದ್, ಬೀದರ್ ಕಡೆಯಿಂದಲೂ ಬಂದರು. ಒಮ್ಮೆ ಒಬ್ಬರು, ಆ ದಿನ ಹಾಲ್‌ನಲ್ಲಿ ದೀಪ ಕಟ್ಟುತ್ತಿದ್ದವರ ಪೈಕಿ, ಅಂಗಡಿ ಹುಡುಕಿಕೊಂಡು ಬಂದು, "ಆ ತಗ್ಗಿನ ಗಿಟಾರ್ ಬಾರ್ಸೋರು ಎಲ್ಲಿರ್ತಾರ್ರಿ? ಶುರುವಿಗಿ ಬಾರ್ಸಿದ್ದು ಇನ್ನಾ ಕಿವ್ಯಾಗ ಅದ" ಎಂದರು. "ಆ ಕೆಲ್ಸಾ ಬಿಟ್ಟಾನ್ರಿ" ಎಂದೆ. ಯಾಕೆ ಬಿಟ್ಟ ಎಂದು ಅವರು ಕೇಳಲಿಲ್ಲ, ಪುಣ್ಯಕ್ಕೆ.

ಮುಂದೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ಬಂತು, ಗಿಟಾರಿನ ದನಿಯೂ ಅದರಿಂದಲೇ ಬರತೊಡಗಿತು. ಪೊಟ್ಟಣದಲ್ಲಿ ತಯಾರಾದ ಪಿಕಪ್ ಬಂತು. ಸುತ್ತುವುದಕ್ಕಿಂತ ಬದಲಿಸುವುದೇ ಹಗುರವಾಯಿತು. ಕೆಲಸ ಕಮ್ಮಿಯಾದಷ್ಟೂ ಕೂತು ನೆನೆಯುವ ಹೊತ್ತು ಹೆಚ್ಚಾಯಿತು. ಇದನ್ನೂ ಹೊಸಬರಿಗೆ ಹೇಳುತ್ತಿದ್ದೇನೆ: ಕೈ ಖಾಲಿಯಾದ ಮೇಲೆ ಹಳೆಯ ಕೆಲಸಗಳು ಒಂದೊಂದಾಗಿ ದುರಸ್ತಿಗೆ ಬರುತ್ತವೆ.

ಈ ವರ್ಷ, ಅವ್ವ ತೀರಿಕೊಂಡ ವರ್ಷದ ದಿನಕ್ಕೆ ಝರೆಪ್ಪ ಬಂದಿದ್ದ. ಊಟವಾಗಿ ಅಂಗಳದ ನೆರಳಲ್ಲಿ ಇಬ್ಬರೂ ಕೂತಿದ್ದೆವು. ಆಗ ಒಬ್ಬಳು ಹುಡುಗಿ ಚೀಲ ಹೆಗಲಿಗೇರಿಸಿ ಒಳಗೆ ಬಂದಳು. ಸುನೀತಾ ಎಂದು ಹೆಸರು, ಕಾಲೇಜು ಮುಗಿಸಿ ಇಲ್ಲೇ ಮಕ್ಕಳಿಗೆ ಸಂಗೀತ ಕಲಿಸುತ್ತಾಳಂತೆ.

"ಮಾಣಿಕ್ ಕಾಕಾ ಅಂದ್ರ ನೀವೇ ಏನ್ರಿ? ಹೊಸಾ ಗಿಟಾರ್ ರೀ. ಮ್ಯಾಲ ಹೋದ್ರ ಸ್ವರ ಎರಡ್ ಆಗ್ತದ. ತಗೊಂಡ ಅಂಗಡ್ಯಾಗ, ಸ್ಕ್ಯಾಲಪ್, ತಗ್ಗಿನ ನೆಕ್ ಅಂದ್ರ ಹಂಗೇ ಅಂತಾರ."

ಚೀಲ ಬಿಚ್ಚಿದಳು. ಇಪ್ಪತ್ತೊಂದು ತಗ್ಗು. ನಾನು ಕೈ ಚಾಚುವ ಮೊದಲೇ ಝರೆಪ್ಪ ಅದನ್ನು ತೊಡೆಯ ಮೇಲೆ ಎಳೆದುಕೊಂಡ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಹೆಬ್ಬೆರಳನ್ನು ಮೊದಲನೆಯ ತಗ್ಗಿನಲ್ಲಿಟ್ಟು, ಒಂದೊಂದರಲ್ಲೇ ಇಳಿಸಿ ಏರಿಸಿ ಕೊನೆಯವರೆಗೆ ಹೋದ. ಅವಳು ತಂದಿದ್ದ ಸಣ್ಣ ಬ್ಯಾಟರಿ ಸ್ಪೀಕರಿಗೆ ಹಚ್ಚಿ ದಪ್ಪ ತಂತಿ ಮೀಟಿದ. ಬೆರಳು ಹನ್ನೆರಡು ದಾಟಿತು. ವಂವಂವಂ.

ಅವನು ತಲೆಯಾಡಿಸಿದ. ಮರುಕದಿಂದಲೇ ಹೇಳಿದ:

"ಕೊರದಾರಲ್ಲವ್ವ, ಅದಕ್ಕ. ನಂದೂ ಹಿಂಗೇ ಆಗಿತ್ತು. ಬುರಾದಿ ತುಂಬಿ ಮುಚ್ಚಿಸ್ ಬಿಡು."

"ಇಷ್ಟ್ ಚಂದ ಕೊರದದ್ದು ಮುಚ್ಚಬೇಕಾ ಕಾಕಾ?"

"ಚಂದ ಇದ್ರ ಏನ್ ಮಾಡ್ತಿ? ಸ್ವರ ನಿಲ್ಲಂಗಿಲ್ಲ. ನಮ್ಮಣ್ಣಗ ಕೇಳು ಬೇಕಾದ್ರ."

ಇಬ್ಬರೂ ನನ್ನ ಕಡೆ ನೋಡಿದರು. ತಾಂಡೂರಿನ ಹಾಲ್‌ನಲ್ಲಿ ಝರೆಪ್ಪ ನೋಡಿದ್ದನಲ್ಲ, ಅದೇ ನೋಟ.

ಒಳಗೆ ಹೋಗಿ ಹಳೆಯ ಡಬ್ಬಿಯಿಂದ ಸ್ಕ್ರೂಡ್ರೈವರ್ ತಂದೆ. ಗಿಟಾರ್ ಅವನ ತೊಡೆಯ ಮೇಲೇ ಇತ್ತು. ನೆಕ್ ಕಡೆಯ ಪಿಕಪ್‌ನ ಸ್ಕ್ರೂ ಕಾಣದೆ ಬೆರಳಿನಿಂದ ಹುಡುಕಿ, ಒಂದು ಬದಿಗೆ ಎರಡು ಸುತ್ತು, ಇನ್ನೊಂದು ಬದಿಗೆ ಎರಡು ಸುತ್ತು ಇಳಿಸಿದೆ.

"ಈಗ ಬಾರ್ಸು" ಎಂದೆ.

ಅವನು ಮೀಟಿದ. ಅದೇ ತಂತಿ, ಅದೇ ಮೆಟ್ಟು, ಅದೇ ತಗ್ಗು. ಸ್ವರ ಒಂದೇ ಬಂತು. ಬೆರಳು ಒತ್ತಿದ, ಜಾರಿತು. ಬಿಟ್ಟ, ಮರಳಿ ಬಂತು. ಸುನೀತಾ ಚಪ್ಪಾಳೆ ತಟ್ಟಿದಳು. ಝರೆಪ್ಪ ತಂತಿಯ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೇ ನೋಡುತ್ತಿದ್ದ.

"ನಮ್ದಕ್ಕೂ ಇದೇ ಆಗಿತ್ತೇನು?"

"ಹೂಂ."

"ಯಾರ್ ಏರ್ಸಿದ್ರು?"

"ನಾನು. ಹಿಂದಿನ್ ದಿನ."

"ಗೊತ್ತಾಗಿದ್ದು ಯಾವಾಗ?"

"ನೀ ಬುರಾದಿ ತುಂಬಾಕತ್ತಿದ್ಯಲ್ಲ, ಆವತ್ತು."

ಅವನು ಲೆಕ್ಕ ಹಾಕುವವನಂತೆ ನೆಕ್ ಮೇಲೆ ಬೆರಳಿಟ್ಟ. "ಆಗ ಎಷ್ಟ್ ಮುಚ್ಚಿದ್ದೆ?"

"ಹನ್ನೆರಡು."

"ಒಂಬತ್ತ್ ಇದ್ವು" ಎಂದ. ಅಷ್ಟೇ ಎಂದ.

ಸುನೀತಾ ಏನೂ ತಿಳಿಯದೆ ಇಬ್ಬರ ಮುಖ ನೋಡುತ್ತಿದ್ದಳು. ಪರರ ಹುಡುಗಿ ಎದುರಿಗಿದ್ದಾಳೆ, ಆಮೇಲೆ ಹೇಳೋಣ ಎಂದು ಮನಸ್ಸು ಹಳೆಯ ದಾರಿಗೇ ಎಳೆಯಿತು. ಉಸ್ತಾದರು ಆ ರೈತರ ಎದುರಿಗೆ, ಗಿರಾಕಿಗಳ ನಡುವೆ ಹೇಳಿದ್ದು ನೆನಪಾಯಿತು. ನಾನು ಅವನ ಎದುರು ನೆಲದ ಮೇಲೆ ಕೂತೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ನಿನ್ನ ಕಟ್ಟಿಗ್ಯಾಗ ತಪ್ಪಿದ್ದಿಲ್ಲ ಝರೆಪ್ಪಾ. ಸ್ಕ್ರೂ ನಾ ತಿರುವಿದ್ದೆ. ಮಾಸ್ತರ್ ಮುಂದ ಆಳ ಆಗ್ಯಾದ ಅಂತ ನಿನ್ ಮ್ಯಾಲ ಹಾಕ್ದೆ. ಗೊತ್ತಾದ್ ಮ್ಯಾಲೂ ಬಂದು ನಿನ್ ಕೈ ಹಿಡೀಲಿಲ್ಲ, ಒಂಬತ್ತ್ ಉಳದಿದ್ವು, ನಿಂತ್ ನೋಡಿ ಬಣ್ಣ ಹೊಂದ್ತದ ಅಂದೆ. ನಂದು ತಪ್ಪಾತು, ತಮ್ಮಾ."